ಒಪ್ಪಿಗೆಯ ನಂತರ ಶುರುವಾದ ಕೆಲಸ: ಸಂಶೋಧನಾ ಮುಖ್ಯಸ್ಥರೊಬ್ಬರನ್ನು ಕರೆತಂದ ಅನುಭವ

ಕಳೆದ ವಾರ ನಮ್ಮ ಕಂಪನಿಗೆ ಸಂಶೋಧನಾ ಮುಖ್ಯಸ್ಥರು ಬಂದು ಸೇರಿದರು. ಹುಡುಕಾಟ ಆರಂಭಿಸಿದ್ದು ಹೋದ ವರ್ಷದ ಮುಂಗಾರಿನಲ್ಲಿ. ದೀಪಾವಳಿಯೊಳಗೆ ಮುಗಿಸುತ್ತೇವೆ ಎಂದು ನಿರ್ದೇಶಕ ಮಂಡಳಿಗೆ ಭರವಸೆ ಕೊಟ್ಟಿದ್ದೆವು. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಯುಗಾದಿಯೂ ಹೋಯಿತು. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಒಂದು ವಿಭಾಗ ಇರುತ್ತದೆ, ವಕೀಲರು ಪಕ್ಕದ ಕೋಣೆಯಲ್ಲೇ ಕುಳಿತಿರುತ್ತಾರೆ. ನಮ್ಮಂಥ ಸಣ್ಣ ಕಂಪನಿಗಳಲ್ಲಿ ಈ ಕೆಲಸ ಯಾರಾದರೂ ಒಬ್ಬರ ತಲೆಗೆ ಬರುತ್ತದೆ. ನಮ್ಮಲ್ಲಿ ಅದು ನನ್ನ ತಲೆಗೆ ಬಂತು. ಇನ್ನು ಮುಂದೆ ಯಾರ ತಲೆಗೆ ಬರಲಿದೆಯೋ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನ ಕಂಪನಿ. ಕಾರ್ಖಾನೆಯ ಸಾಲಿನಲ್ಲಿ ಹಾದುಹೋಗುವ ಬಿಡಿಭಾಗಗಳನ್ನು ಕ್ಯಾಮೆರಾದಿಂದ ನೋಡಿ ಬಿರುಕು, ಗಾಳಿಗುಳ್ಳೆ, ಅಳತೆಯ ದೋಷಗಳನ್ನು ಹಿಡಿಯುವ ಯಂತ್ರ ಮತ್ತು ತಂತ್ರಾಂಶ ಮಾಡುತ್ತೇವೆ. ಪೀಣ್ಯದ ಕಾರ್ಖಾನೆಗಳು, ಬೆಳಗಾವಿಯ ಫೌಂಡ್ರಿಗಳು ನಮ್ಮ ಗ್ರಾಹಕರು. ತಂತ್ರಜ್ಞಾನದ ಭಾಗವನ್ನು ನನ್ನ ಪಾಲುದಾರರು ನೋಡಿಕೊಳ್ಳುತ್ತಾರೆ. ಹಣ, ಜನ, ಕಾಗದಪತ್ರ ನನ್ನ ಪಾಲು.

ಮೊದಲ ಕೆಲವು ವಾರಗಳು ಹೊರಗೆ ಯಾರನ್ನೂ ಹುಡುಕದೆ ನಮ್ಮೊಳಗೇ ಜಗಳವಾಡುವುದರಲ್ಲಿ ಕಳೆದವು. ಪಾಲುದಾರರಿಗೆ ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲಿ ಪ್ರಬಂಧ ಮಂಡಿಸಿದ ವಿಜ್ಞಾನಿ ಬೇಕಿತ್ತು. ಹೂಡಿಕೆದಾರರಿಗೆ ದೊಡ್ಡ ತಂಡ ನಡೆಸಿದ ಎಂಜಿನಿಯರಿಂಗ್ ಉಪಾಧ್ಯಕ್ಷರು ಬೇಕಿತ್ತು. ಮಾರಾಟದ ಮುಖ್ಯಸ್ಥರಿಗೆ ಗ್ರಾಹಕರ ಮುಂದೆ ನಿಂತು ಮಾತನಾಡಬಲ್ಲವರು ಬೇಕಿತ್ತು. ಈ ಮೂರನ್ನೂ ಸೇರಿಸಿ ಎರಡು ಪುಟದ ಹುದ್ದೆಯ ವಿವರಣೆ ಬರೆದೆವು. ಅದನ್ನು ಓದಿದ ಮೊದಲ ಸರ್ಚ್ ಕನ್ಸಲ್ಟೆಂಟ್, ಅಂದರೆ ಮೇಲಿನ ಹುದ್ದೆಗಳಿಗೆ ಜನರನ್ನು ಹುಡುಕಿಕೊಡುವವರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಸರ್, ಇದು ಮೂವರ ಕೆಲಸ. ಇವರಲ್ಲಿ ಯಾರನ್ನು ಬಿಡುತ್ತೀರಿ ಎಂದು ನೀವು ತೀರ್ಮಾನಿಸಿ. ಉಳಿದವರನ್ನು ಹುಡುಕುವುದು ನನ್ನ ಕೆಲಸ’ ಎಂದರು. ಅವರಿಗೇ ಕೆಲಸ ಒಪ್ಪಿಸಿದೆವು.

ಅವರು ನಮ್ಮಿಂದ ಬರೆಸಿದ್ದು ಒಂದೇ ಪುಟ. ಒಂದೂವರೆ ವರ್ಷದ ಕೊನೆಗೆ ಈ ವ್ಯಕ್ತಿಯಿಂದ ಏನು ಬದಲಾಗಿರಬೇಕು ಎಂಬುದಷ್ಟೇ ಅದರಲ್ಲಿತ್ತು. ಎಣ್ಣೆ ಅಂಟಿದ ಲೋಹದ ಮೇಲೆ ಬೆಳಕು ಹೊಳೆದಾಗ ನಮ್ಮ ತಂತ್ರಾಂಶ ಬಿರುಕನ್ನೂ ಹೊಳಪನ್ನೂ ಬೇರ್ಪಡಿಸಲಾಗದೆ ಎಡವುತ್ತಿತ್ತು. ಅದನ್ನು ಬಗೆಹರಿಸುವುದು, ಅಥವಾ ಈ ದಾರಿಯಲ್ಲಿ ಬಗೆಹರಿಯುವುದಿಲ್ಲ ಎಂದು ಧೈರ್ಯವಾಗಿ ಹೇಳಿ ಬೇರೆ ದಾರಿ ತೋರಿಸುವುದು ಮೊದಲ ಸಾಲಾಯಿತು. ಇದನ್ನು ಬರೆಯುವಾಗಲೇ ನಮಗೆ ಬೇಕಾದವರು ಎಂಜಿನಿಯರಿಂಗ್ ಮುಖ್ಯಸ್ಥರಲ್ಲ, ಸಂಶೋಧನಾ ಮುಖ್ಯಸ್ಥರು ಎಂಬುದು ಖಚಿತವಾಯಿತು. ಎಂಜಿನಿಯರಿಂಗ್ ಮುಖ್ಯಸ್ಥರು ದಿನಾಂಕಕ್ಕೆ, ಗುಣಮಟ್ಟಕ್ಕೆ, ತಂಡಕ್ಕೆ ಹೊಣೆಗಾರರು. ಸಂಶೋಧನಾ ಮುಖ್ಯಸ್ಥರ ನಿಜವಾದ ಕೆಲಸ ಯಾವ ಸಮಸ್ಯೆಯ ಮೇಲೆ ಹಣ ಸುರಿಯಬಾರದು ಎಂದು ಹೇಳುವುದು. ಎರಡನ್ನೂ ಒಬ್ಬರೇ ಮಾಡಬಹುದು ಎಂದು ನಂಬುವವರು ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ, ನನಗಂತೂ ಆ ನಂಬಿಕೆ ಉಳಿದಿಲ್ಲ.

ಖರ್ಚಿನ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಸಾಮಾನ್ಯ ನೇಮಕಾತಿಗೆ ಕನ್ಸಲ್ಟೆನ್ಸಿಗಳು ಅಭ್ಯರ್ಥಿ ಸೇರಿದ ಮೇಲೆ ಶುಲ್ಕ ತೆಗೆದುಕೊಳ್ಳುತ್ತವೆ. ವಾರ್ಷಿಕ ವೇತನದ ಶೇ 8.33, ಅಂದರೆ ಒಂದು ತಿಂಗಳ ಸಂಬಳ, ಹಳೆಯ ವಾಡಿಕೆಯ ದರ. ಹುದ್ದೆ ಮೇಲೇರಿದಂತೆ ದರವೂ ಏರುತ್ತದೆ. ಇಂಥ ಮೇಲಿನ ಹುದ್ದೆಗಳಿಗೆ ಮಾತ್ರ ‘ರಿಟೈನ್ಡ್ ಸರ್ಚ್’ ಎಂಬ ಪದ್ಧತಿ ಇದೆ. ಮೊದಲ ವರ್ಷದ ನಗದು ವೇತನದ ಸುಮಾರು ಮೂರನೇ ಒಂದು ಭಾಗವನ್ನು ಮೂರು ಕಂತಿನಲ್ಲಿ ಕೊಡಬೇಕು. ಕೆಲಸ ಒಪ್ಪಿಸಿದಾಗ ಒಂದು, ಶಾರ್ಟ್‌ಲಿಸ್ಟ್ ಕೊಟ್ಟಾಗ ಇನ್ನೊಂದು, ಕೊನೆಯದು ನೇಮಕವಾದಾಗ. ವೇತನ ಒಂದೂವರೆ ಕೋಟಿ ಎಂದಿಟ್ಟುಕೊಂಡರೆ ಶುಲ್ಕ 50 ಲಕ್ಷ, ಅದರ ಮೇಲೆ ಶೇ 18 ಜಿಎಸ್‌ಟಿ ಎಂದರೆ ಇನ್ನೂ 9 ಲಕ್ಷ. ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹೊಂದಿಸಿಕೊಳ್ಳಬಹುದು ನಿಜ, ಆದರೆ ಆ ತಿಂಗಳು ಬ್ಯಾಂಕಿನಿಂದ ಹೋಗುವ ಹಣ ಹೋಗಿಯೇ ಹೋಗುತ್ತದೆ. ಇಷ್ಟು ಕೊಡಬೇಕೇ ಎಂದು ನನಗೂ ಹೊಟ್ಟೆ ಉರಿದಿತ್ತು. ಕೊಡದೆ ನಮ್ಮ ಪರಿಚಯಸ್ಥರ ಬಳಗದಲ್ಲಿ ಹುಡುಕಿದಾಗ ಸಿಕ್ಕವರು, ಹುಡುಕದೆಯೂ ಸಿಗುತ್ತಿದ್ದವರೇ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮೂರು ಅಂಶಗಳನ್ನು ನೋಡಿಕೊಳ್ಳಿ. ಕೊನೆಯ ಕಂತು ಅಭ್ಯರ್ಥಿ ಆಫರ್ ಒಪ್ಪಿದ ದಿನಕ್ಕಲ್ಲ, ಕೆಲಸಕ್ಕೆ ಸೇರಿದ ದಿನಕ್ಕೆ ಕಟ್ಟಿರಬೇಕು. ನಾವು ಇದಕ್ಕೆ ಪಟ್ಟು ಹಿಡಿದೆವು, ಅದು ಮುಂದೆ ನಮ್ಮನ್ನು ಉಳಿಸಿತು. ಸೇರಿದವರು ಬೇಗ ಬಿಟ್ಟುಹೋದರೆ ಮತ್ತೆ ಶುಲ್ಕವಿಲ್ಲದೆ ಹುಡುಕಿಕೊಡುವ ಅವಧಿ ಎಷ್ಟು ಎಂದು ಬರೆದಿರಬೇಕು. ಇನ್ನು, ಆ ಸರ್ಚ್ ಸಂಸ್ಥೆ ಯಾವ ಯಾವ ಕಂಪನಿಗಳಿಂದ ಜನರನ್ನು ತೆಗೆಯುವಂತಿಲ್ಲ ಎಂಬ ಪಟ್ಟಿ ಕೇಳಿ. ಅವರ ಹಳೆಯ ಗ್ರಾಹಕರೆಲ್ಲ ಆ ಪಟ್ಟಿಯಲ್ಲಿರುತ್ತಾರೆ. ಬಹಳ ಹೆಸರುವಾಸಿ ಸಂಸ್ಥೆಯೊಂದರ ಪಟ್ಟಿ ನೋಡಿದಾಗ, ನಾವು ಹುಡುಕಬೇಕೆಂದಿದ್ದ ಕಂಪನಿಗಳಲ್ಲಿ ಅರ್ಧಕ್ಕೂ ಹೆಚ್ಚು ಅದರಲ್ಲೇ ಇದ್ದವು.

ಹೆಸರುಗಳ ಪಟ್ಟಿ ಬಂತು. ಈ ಮಟ್ಟದವರು ಯಾರೂ ಅರ್ಜಿ ಹಾಕುವುದಿಲ್ಲ, ಉದ್ಯೋಗ ಜಾಲತಾಣಗಳಲ್ಲಿ ಇರುವುದೂ ಇಲ್ಲ. ಪಟ್ಟಿಯನ್ನು ನೋಡುತ್ತಾ ಹೋದರೆ ಬೆಂಗಳೂರಿನ ತಂತ್ರಜ್ಞಾನದ ವಂಶಾವಳಿಯೇ ಕಾಣುತ್ತಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂತು. 2000ದಲ್ಲಿ ಜನರಲ್ ಎಲೆಕ್ಟ್ರಿಕ್ ಇಲ್ಲಿ ತನ್ನ ಸಂಶೋಧನಾ ಕೇಂದ್ರ ತೆರೆಯಿತು. 2005ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್, 2019ರಲ್ಲಿ ಗೂಗಲ್‌ನ ಸಂಶೋಧನಾ ಪ್ರಯೋಗಾಲಯ ಬಂದವು. ಪಟ್ಟಿಯಲ್ಲಿದ್ದ ಹೆಚ್ಚಿನವರು ಇಂಥ ಒಂದಲ್ಲ ಒಂದು ಪ್ರಯೋಗಾಲಯದಲ್ಲಿ ಪಳಗಿದವರು, ಇಲ್ಲವೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರೊಡನೆ ಓದಿದವರು. ಎಲ್ಲರಿಗೂ ಎಲ್ಲರೂ ಗೊತ್ತು. ಹಾಗಾಗಿ ಗುಟ್ಟು ಕಾಪಾಡುವುದೇ ಒಂದು ಕೆಲಸವಾಯಿತು. ಕೋರಮಂಗಲ, ಇಂದಿರಾನಗರದ ಕಾಫಿ ಅಂಗಡಿಗಳಲ್ಲಿ ಇಂಥವರನ್ನು ಭೇಟಿಯಾಗಬೇಡಿ, ಪಕ್ಕದ ಮೇಜಿನಲ್ಲಿ ಅವರ ತಂಡದವರೇ ಕುಳಿತಿರುತ್ತಾರೆ. ನಾವು ಬಸವನಗುಡಿಯ ಹೋಟೆಲೊಂದನ್ನು ಆರಿಸಿಕೊಂಡೆವು. ಬೆಳಗಿನ ತಿಂಡಿಯ ಗದ್ದಲ ಮುಗಿದ ಮೇಲೆ ಅಲ್ಲಿ ಕೂರುವವರು ನಿವೃತ್ತರು ಮಾತ್ರ.

ಪೈಪೋಟಿ ಯಾರೊಂದಿಗೆ ಎಂಬುದೂ ಆ ಭೇಟಿಗಳಲ್ಲಿ ಸ್ಪಷ್ಟವಾಯಿತು. ಬಹುರಾಷ್ಟ್ರೀಯ ಕಂಪನಿಗಳು ತಮ್ಮದೇ ಕೆಲಸಕ್ಕಾಗಿ ಇಲ್ಲಿ ತೆರೆದ ಜಾಗತಿಕ ಸಾಮರ್ಥ್ಯ ಕೇಂದ್ರಗಳು, ಎಲ್ಲರ ಬಾಯಲ್ಲಿ ಜಿಸಿಸಿಗಳು, ಈ ಊರಿನ ಹಿರಿಯ ಎಂಜಿನಿಯರುಗಳನ್ನು ಷೇರುಗಳಿಂದ ಕಟ್ಟಿಹಾಕಿವೆ. ರಾಜ್ಯ ಸರ್ಕಾರದ 2024ರ ನೀತಿ 2029ರೊಳಗೆ ಇನ್ನೂ 500 ಜಿಸಿಸಿಗಳನ್ನು ಕರ್ನಾಟಕಕ್ಕೆ ತರುವ ಗುರಿ ಇಟ್ಟುಕೊಂಡಿದೆ. ರಾಜ್ಯಕ್ಕೆ ಒಳ್ಳೆಯದೇ. ನಮ್ಮಂಥವರಿಗೆ ಮಾತ್ರ ಪ್ರತಿ ಮಾತುಕತೆಯೂ ‘ನನ್ನ ಆರ್‌ಎಸ್‌ಯು ಇನ್ನೂ ಕೈಗೆ ಬಂದಿಲ್ಲ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಕಂತುಕಂತಾಗಿ ಕೈಸೇರುವ ಷೇರುಗಳು ಅವು. ನಡುವೆ ಬಿಟ್ಟರೆ ಬಾಕಿ ಉಳಿದದ್ದು ಹೋಯಿತು. ಹೊಸ ಷೇರು ವರ್ಷ ವರ್ಷವೂ ಸಿಗುವುದರಿಂದ ಬಾಕಿ ಎಂಬುದು ಎಂದೂ ಮುಗಿಯುವುದಿಲ್ಲ.

ಪರೀಕ್ಷಿಸುವುದು ಹೇಗೆ ಎಂಬುದಕ್ಕೆ ನಮ್ಮಲ್ಲಿ ಸಿದ್ಧ ಉತ್ತರ ಇರಲಿಲ್ಲ. ಇಪ್ಪತ್ತು ವರ್ಷ ಅನುಭವ ಇರುವವರ ಮುಂದೆ ಬಿಳಿಹಲಗೆ ಇಟ್ಟು ಕೋಡ್ ಬರೆಯಿರಿ ಎನ್ನುವುದು ಅಸಭ್ಯತನ. ಅವರ ಪ್ರಬಂಧಗಳಿಗೆ ಎಷ್ಟು ಉಲ್ಲೇಖಗಳಿವೆ ಎಂದು ಎಣಿಸುವುದು ಸುಲಭ, ಆದರೆ ಅದು ದಾರಿ ತಪ್ಪಿಸುತ್ತದೆ. ದೊಡ್ಡ ಪ್ರಯೋಗಾಲಯಗಳಲ್ಲಿ ಒಂದು ಪ್ರಬಂಧಕ್ಕೆ ಹತ್ತು ಹೆಸರುಗಳಿರುತ್ತವೆ, ಕೊನೆಯ ಹೆಸರು ಮುಖ್ಯಸ್ಥರದು. ಆಲೋಚನೆ ಯಾರದು ಎಂಬುದು ಅದರಿಂದ ತಿಳಿಯುವುದಿಲ್ಲ. ನಿವೃತ್ತ ಪ್ರಾಧ್ಯಾಪಕರೊಬ್ಬರಿಗೆ ಗೌರವಧನ ಕೊಟ್ಟು, ಕೊನೆಯ ನಾಲ್ವರ ಪ್ರಬಂಧಗಳನ್ನು ಓದಿ ಅವರೊಂದಿಗೆ ಮಾತನಾಡಲು ಕೇಳಿಕೊಂಡೆವು. ಇಡೀ ಹುಡುಕಾಟದಲ್ಲಿ ಅತ್ಯಂತ ಕಡಿಮೆ ಖರ್ಚಿನಲ್ಲಿ ಅತ್ಯಂತ ಹೆಚ್ಚು ಉಪಯೋಗವಾದದ್ದು ಇದೇ. ಎಲ್ಲರಿಗೂ ಅವರು ಕೇಳಿದ ಮೊದಲ ಪ್ರಶ್ನೆ, ‘ನೀವು ಅರ್ಧಕ್ಕೆ ಕೈಬಿಟ್ಟ ಯೋಜನೆ ಯಾವುದು? ಬಿಡಬೇಕು ಎಂದು ಮೊದಲು ಹೇಳಿದವರು ಯಾರು?’ ಒಬ್ಬರು ತಮ್ಮ ಜೀವನದಲ್ಲಿ ಯಾವುದನ್ನೂ ಕೈಬಿಟ್ಟಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡರಂತೆ. ಅವರ ಸಂದರ್ಶನ ಅಲ್ಲಿಗೇ ಮುಗಿಯಿತು, ಪಾಪ ಅವರಿಗೆ ಗೊತ್ತಾಗಲಿಲ್ಲ.

ನಾವೂ ಒಂದು ಕೆಲಸ ಮಾಡಿದೆವು. ಗೋಪ್ಯತಾ ಒಪ್ಪಂದಕ್ಕೆ ಸಹಿ ಪಡೆದು, ನಮ್ಮ ಸೋತ ದತ್ತಾಂಶವನ್ನೇ, ಅಂದರೆ ಹೊಳಪಿಗೆ ಮೋಸ ಹೋದ ಚಿತ್ರಗಳನ್ನು, ಅವರ ಮುಂದಿಟ್ಟೆವು. ಉತ್ತರ ಬೇಡ, ನೋಡಿದ ಮೇಲೆ ನಿಮಗೆ ಯಾವ ಪ್ರಶ್ನೆಗಳು ಏಳುತ್ತವೆ ಹೇಳಿ ಎಂದೆವು. ಒಬ್ಬರು ಯಾವ ಮಾದರಿ ಬಳಸಬೇಕು ಎಂದು ಉಪನ್ಯಾಸ ಕೊಟ್ಟರು. ಇನ್ನೊಬ್ಬರು, ವಿಡಿಯೊ ಕರೆಯಲ್ಲಿದ್ದವರು, ‘ದೀಪ ಎಲ್ಲಿದೆ? ಕಾರ್ಖಾನೆಯವರು ಆ ದೀಪವನ್ನು ಒಂದು ಅಡಿ ಸರಿಸಲು ಬಿಡುತ್ತಾರೆಯೇ?’ ಎಂದು ಕೇಳಿದರು. ಪಾಲುದಾರರು ನನ್ನ ಮುಖ ನೋಡಿದರು.

ಆದರೂ ಮೊದಲು ಆಫರ್ ಕೊಟ್ಟದ್ದು ಬೇರೊಬ್ಬರಿಗೆ, ಬೆಂಗಳೂರಿನಲ್ಲೇ ಇದ್ದವರಿಗೆ. ದೀಪದ ಪ್ರಶ್ನೆ ಕೇಳಿದವರು ಕ್ಯಾಲಿಫೋರ್ನಿಯಾದಲ್ಲಿದ್ದರು. ಇಬ್ಬರೂ ಹೆಚ್ಚುಕಡಿಮೆ ಸಮಾನರು, ಇಲ್ಲಿರುವವರಾದರೆ ಬೇಗ ಬರುತ್ತಾರೆ ಎಂಬುದು ಮಂಡಳಿಯ ಅಭಿಪ್ರಾಯ. ಬೆಂಗಳೂರಿನವರು ಒಪ್ಪಿದರು, ಸಹಿ ಹಾಕಿದರು, ರಾಜೀನಾಮೆ ಕೊಟ್ಟರು. ನೋಟಿಸ್ ಅವಧಿ 90 ದಿನ. ಈ 90 ದಿನಗಳ ಬಗ್ಗೆ ಎಷ್ಟು ಹೇಳಿದರೂ ಸಾಲದು. ಬಿಟ್ಟುಹೋಗುವವರನ್ನು ಉಳಿಸಿಕೊಳ್ಳಲು ಹಳೆಯ ಕಂಪನಿಗೆ ಸಿಗುವ ಮೂರು ತಿಂಗಳ ಅವಕಾಶ ಅದು. ಮೊದಲ ತಿಂಗಳು ಅವರು ನಮ್ಮ ಸಭೆಗಳಿಗೆ ಬಿಡುವು ಮಾಡಿಕೊಂಡು ಬರುತ್ತಿದ್ದರು. ಎರಡನೇ ತಿಂಗಳು ಫೋನಿಗೆ ತಡವಾಗಿ ಉತ್ತರ ಬರತೊಡಗಿತು. ಮೂರನೇ ತಿಂಗಳಿನ ಒಂದು ಭಾನುವಾರ ರಾತ್ರಿ ಸಣ್ಣ ಇಮೇಲ್ ಬಂತು. ಕಂಪನಿ ಅವರಿಗೆ ಹೊಸ ಹುದ್ದೆ, ಹೊಸ ಷೇರುಗಳನ್ನು ಕೊಟ್ಟಿತ್ತು. ಕ್ಷಮೆ ಕೇಳಿದ್ದರು.

ಅಂದು ನನಗೆ ನಿದ್ದೆ ಬರಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆ. ಹೊಸ ಮುಖ್ಯಸ್ಥರು ಬರುತ್ತಾರೆ ಎಂದು ತಂಡದವರಿಗೆಲ್ಲ ಹೇಳಿಯಾಗಿತ್ತು. ಕಾನೂನಿನಲ್ಲಿ ಏನಾದರೂ ಮಾಡಬಹುದೇ ಎಂದು ವಕೀಲರನ್ನು ಕೇಳಿದೆ. ಅವರು ನಕ್ಕರು. ವೈಯಕ್ತಿಕ ಸೇವೆಯ ಕರಾರನ್ನು ನ್ಯಾಯಾಲಯ ಬಲವಂತವಾಗಿ ಜಾರಿ ಮಾಡಿಸುವುದಿಲ್ಲ. ಬರುವುದಿಲ್ಲ ಎಂದವರನ್ನು ತಂದು ಕೂರಿಸಿದರೂ ಸಂಶೋಧನೆ ಮಾಡಿಸಲಾಗುತ್ತದೆಯೇ?

ಆಫರ್ ಒಪ್ಪಿದವರಿಗೆ ಕೌಂಟರ್ ಆಫರ್, ಅಂದರೆ ಉಳಿಸಿಕೊಳ್ಳಲು ಹಳೆಯ ಕಂಪನಿ ಕೊಡುವ ಮರು ಆಫರ್, ಬರುವುದು ಖಚಿತ ಎಂದು ಮೊದಲೇ ಅವರೊಂದಿಗೆ ಮಾತನಾಡಿ. ಯಾರು ಕರೆಯುತ್ತಾರೆ, ಏನು ಕೊಡುತ್ತಾರೆ, ಆಗ ನೀವು ಏನು ಹೇಳುತ್ತೀರಿ ಎಂದು ನೇರವಾಗಿ ಕೇಳಿ, ಮುಜುಗರ ಬೇಡ. ನೋಟಿಸ್ ಅವಧಿಯನ್ನು ಹಣ ಕೊಟ್ಟು ಕಡಿಮೆ ಮಾಡಿಸಲು ಹಳೆಯ ಕಂಪನಿ ಒಪ್ಪಿದರೆ ಹಿಂದೆಮುಂದೆ ನೋಡದೆ ಕೊಡಿ. ಎರಡನೆಯ ಸ್ಥಾನದಲ್ಲಿದ್ದವರಿಗೆ ‘ಆಯ್ಕೆಯಾಗಿಲ್ಲ’ ಎಂಬ ಒಣ ಪತ್ರ ಕಳಿಸಬೇಡಿ. ನಮ್ಮ ಕನ್ಸಲ್ಟೆಂಟ್ ಕ್ಯಾಲಿಫೋರ್ನಿಯಾದವರಿಗೆ ಇದ್ದ ಸಂಗತಿಯನ್ನು ಇದ್ದ ಹಾಗೆಯೇ ಹೇಳಿ ಸಂಪರ್ಕ ಉಳಿಸಿಕೊಂಡಿದ್ದರು. ನಾನು ಮತ್ತೆ ಕರೆ ಮಾಡಿದಾಗ ಅವರು ಬಿಂಕ ತೋರಲಿಲ್ಲ. ‘ದೀಪ ಸರಿಸಿದಿರಾ?’ ಎಂದು ಕೇಳಿದರು. ಸರಿಸಿದ್ದೆವು. ಅರ್ಧದಷ್ಟು ತಪ್ಪುಗಳು ಕಡಿಮೆಯಾಗಿದ್ದವು.

ಅವರು ಸಾಗರದ ಕಡೆಯವರು. ತೊಂಬತ್ತರ ದಶಕದಲ್ಲಿ ಸುರತ್ಕಲ್‌ನಲ್ಲಿ ಓದಿ ಅಮೆರಿಕಕ್ಕೆ ಹೋದವರು, ಈಗ ಅಲ್ಲಿನ ಪೌರರು, ಭಾರತೀಯ ಮೂಲದ ವಿದೇಶಿ ಪೌರರಿಗೆ ಭಾರತ ಕೊಡುವ ಒಸಿಐ ಕಾರ್ಡ್ ಹೊಂದಿದವರು. ಅಲ್ಲಿನ ನೋಟಿಸ್ ಅವಧಿ ವಾಡಿಕೆಯಂತೆ ಎರಡೇ ವಾರ ಎಂದು ಕೇಳಿ ನಮಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಪ್ರತಿಸ್ಪರ್ಧಿ ಕಂಪನಿಗೆ ಹೋಗಬಾರದು ಎಂಬ ಷರತ್ತಿನ ಭಯವೂ ಇರಲಿಲ್ಲ. ಕೆಲಸ ಬಿಟ್ಟ ಮೇಲಿನ ಅಂಥ ಷರತ್ತುಗಳು ಕ್ಯಾಲಿಫೋರ್ನಿಯಾದಲ್ಲೂ ಅನೂರ್ಜಿತ, ನಮ್ಮ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಇಲ್ಲೂ ಅನೂರ್ಜಿತ. ವಕೀಲರು ಇನ್ನೊಂದು ಸ್ವಾರಸ್ಯ ಹೇಳಿದರು: ಎರಡೂ ಕಡೆಯ ಈ ನಿಯಮಗಳು 1872ರವು, ಎರಡರ ಮೂಲವೂ ಡೇವಿಡ್ ಡಡ್ಲಿ ಫೀಲ್ಡ್ ಎಂಬ ವಕೀಲ ನ್ಯೂಯಾರ್ಕ್‌ಗಾಗಿ ಬರೆದ ಕರಡು ಸಂಹಿತೆ. ಹಳೆಯ ಕಂಪನಿಯ ಗುಟ್ಟುಗಳು ಮಾತ್ರ ಬೇರೆ ಮಾತು. ಒಂದೇ ಒಂದು ಕಡತವೂ ಜೊತೆಗೆ ಬರಬಾರದು ಎಂದು ಅವರಿಂದ ಬರೆಸಿಕೊಂಡೆವು, ಅವರೂ ಸಂತೋಷದಿಂದ ಬರೆದುಕೊಟ್ಟರು.

ಎರಡು ವಾರದ ಲೆಕ್ಕ ಎಲ್ಲಿ ಕೆಟ್ಟಿತು ಎಂದರೆ, ಅವರ ಹುದ್ದೆಯ ಹೆಸರಿನಲ್ಲೇ. ಒಸಿಐ ಇದ್ದವರಿಗೆ ಭಾರತದಲ್ಲಿ ಕೆಲಸ ಮಾಡಲು ಉದ್ಯೋಗ ವೀಸಾ ಬೇಡ ಎಂದು ಎಲ್ಲರಿಗೂ ಗೊತ್ತು. ನಮ್ಮ ಪಟ್ಟಿಯಲ್ಲಿದ್ದ ಜರ್ಮನಿಯ ಒಬ್ಬರಿಗಾಗಿದ್ದರೆ ಆ ವೀಸಾ ಬೇಕಿತ್ತು, ಅದಕ್ಕೆ ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಹೆಚ್ಚಿನ ವೇತನ ಎಂಬ ನಿಯಮವೂ ಇದೆ. ಒಸಿಐ ಅವರಿಗೆ ಅದೇನೂ ಇಲ್ಲ. ಆದರೆ 2021ರ ಮಾರ್ಚ್ 4ರ ಗೃಹ ಸಚಿವಾಲಯದ ಅಧಿಸೂಚನೆಯ ಪ್ರಕಾರ ಕೆಲವು ಚಟುವಟಿಕೆಗಳಿಗೆ ಒಸಿಐ ಕಾರ್ಡುದಾರರು ವಿಶೇಷ ಅನುಮತಿ ಪಡೆಯಬೇಕು. ಧರ್ಮಪ್ರಚಾರ, ಪರ್ವತಾರೋಹಣ, ಪತ್ರಿಕೋದ್ಯಮದ ಜೊತೆಗೆ ಆ ಪಟ್ಟಿಯಲ್ಲಿ ಸಂಶೋಧನೆಯೂ ಇದೆ! ವಿಶ್ವವಿದ್ಯಾಲಯದ ಸಂಶೋಧನೆಯೋ ಕಂಪನಿಯ ಸಂಶೋಧನೆಯೋ ಎಂದು ಅಲ್ಲಿ ಬಿಡಿಸಿ ಬರೆದಿಲ್ಲ. ಹುದ್ದೆಯ ಹೆಸರನ್ನೇ ‘ತಂತ್ರಜ್ಞಾನ ಉಪಾಧ್ಯಕ್ಷ’ ಎಂದು ಬದಲಿಸಿಬಿಡಿ ಎಂದು ಒಬ್ಬರು ಬುದ್ಧಿ ಹೇಳಿದರು. ವಕೀಲರು ಒಪ್ಪಲಿಲ್ಲ. ಮಾಡುವ ಕೆಲಸ ಸಂಶೋಧನೆಯೇ ಆಗಿರುವಾಗ ಫಲಕ ಬದಲಿಸಿ ಏನು ಪ್ರಯೋಜನ, ನಾಳೆ ತೊಂದರೆಯಾದರೆ ಕಾರ್ಡ್ ಅವರದು ಎಂದರು. ಅರ್ಜಿ ಹಾಕಿದೆವು.

ಅರ್ಜಿ ಆನ್‌ಲೈನ್‌ನಲ್ಲೇ, ವಿದೇಶಿಯರ ನೋಂದಣಿ ಕಚೇರಿಯ ಜಾಲತಾಣವಾದ ಇ-ಎಫ್‌ಆರ್‌ಆರ್‌ಒ ಮೂಲಕ. ಬೆಂಗಳೂರಿನ ಕಚೇರಿ ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿದೆ, ಆದರೆ ಸುಮ್ಮನೆ ಅಲ್ಲಿಗೆ ಹೋಗುವ ಅಗತ್ಯವಿಲ್ಲ. ನಾವು ಲಗತ್ತಿಸಿದ್ದು ಅವರ ಪಾಸ್‌ಪೋರ್ಟ್, ಒಸಿಐ ಕಾರ್ಡ್, ಆಫರ್ ಪತ್ರ, ಕಂಪನಿಯ ನೋಂದಣಿ ಪತ್ರ, ಇಲ್ಲಿ ಉಳಿಯುವ ವಿಳಾಸದ ಪುರಾವೆ, ಮತ್ತು ಸಂಶೋಧನೆಯ ವಿಷಯ ಏನು, ಎಲ್ಲಿ ನಡೆಯುತ್ತದೆ, ಹಣ ಯಾರದು ಎಂದು ಸರಳವಾಗಿ ವಿವರಿಸುವ ಪತ್ರ. ಆ ಪತ್ರವನ್ನು ಪಾಲುದಾರರು ಮೊದಲು ಬರೆದಾಗ ನನಗೇ ಅರ್ಥವಾಗಲಿಲ್ಲ. ‘ಎರಕದ ಬಿಡಿಭಾಗಗಳಲ್ಲಿ ಬಿರುಕು ಹುಡುಕುವ ಕ್ಯಾಮೆರಾವನ್ನು ಉತ್ತಮಪಡಿಸುವುದು’ ಎಂದು ತಿದ್ದಿದೆವು. ಅನುಮತಿ ಕೈಗೆ ಬರುವವರೆಗೆ ಅವರು ಅಲ್ಲಿ ರಾಜೀನಾಮೆ ಕೊಡಬಾರದು ಎಂಬುದು ನಮ್ಮಿಬ್ಬರ ತೀರ್ಮಾನ. ಕಾಯುವುದು ಕಷ್ಟವಾಯಿತು, ಆದರೆ ಒಂದು ಕುಟುಂಬದ ಅನ್ನವನ್ನು ಬಾರದ ಕಾಗದದ ಮೇಲೆ ಪಣಕ್ಕಿಡುವುದು ಹೇಗೆ?

ಕಾಯುವ ಹೊತ್ತಿನಲ್ಲಿ ಉಳಿದ ಕಾಗದಗಳಿಗೆ ಕೈಹಾಕಿದೆವು. ಹಿನ್ನೆಲೆ ಪರಿಶೀಲನೆ ಮಾಡುವ ಏಜೆನ್ಸಿಯ ವರದಿ ಕೆಂಪು ಗುರುತಿನೊಂದಿಗೆ ವಾಪಸಾಯಿತು. ಬಯೋಡೇಟಾದಲ್ಲಿ ಎನ್‌ಐಟಿಕೆ ಸುರತ್ಕಲ್ ಎಂದಿದೆ, ಪದವಿ ಪ್ರಮಾಣಪತ್ರ ಮಂಗಳೂರು ವಿಶ್ವವಿದ್ಯಾಲಯದ್ದು, ಕಾಲೇಜಿನ ಹೆಸರು ಕೆಆರ್‌ಇಸಿ. ದಕ್ಷಿಣ ಕನ್ನಡದ ಯಾರನ್ನು ಕೇಳಿದರೂ ಹೇಳುತ್ತಿದ್ದರು: ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆ ಆದದ್ದು 2002ರಲ್ಲಿ, ಅದಕ್ಕೆ ಮುಂಚೆ ಅಲ್ಲಿನ ಪದವಿ ಕೊಡುತ್ತಿದ್ದದ್ದು ಮಂಗಳೂರು ವಿಶ್ವವಿದ್ಯಾಲಯ. ದೂರದ ಊರಿನಲ್ಲಿ ಕುಳಿತು ಪರದೆ ನೋಡಿ ಟಿಕ್ ಹಾಕುವ ಹುಡುಗನಿಗೆ ಅದು ತಿಳಿಯುವುದಾದರೂ ಹೇಗೆ? ಮೇಲಿಂದ ಹೆಸರಿನ ಸಮಸ್ಯೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಊರಿನ ಹಾಗೂ ತಂದೆಯ ಹೆಸರಿನ ಇನಿಷಿಯಲ್‌ಗಳು. ಅಮೆರಿಕದ ಪಾಸ್‌ಪೋರ್ಟಿನಲ್ಲಿ ಅದೇ ತಂದೆಯ ಹೆಸರು ಕುಲನಾಮವಾಗಿ ಕೂತಿದೆ. ಇಬ್ಬರೂ ಒಬ್ಬರೇ ಎಂದು ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಬೇಕಾಯಿತು. ಅವರ ಪಿಎಚ್‌ಡಿ ಪರಿಶೀಲನೆ ಇದೆಲ್ಲದರ ಮುಂದೆ ಏನೂ ಅಲ್ಲ. ನಿಮ್ಮ ಅಭ್ಯರ್ಥಿ ಹೆಸರು ಬದಲಾದ ಕಾಲೇಜಿನ ಹಳೆಯ ವಿದ್ಯಾರ್ಥಿಯಾಗಿದ್ದರೆ ಪ್ರಮಾಣಪತ್ರದಲ್ಲಿ ಇರುವ ಕಾಲೇಜಿನ ಹೆಸರನ್ನೇ ಬಯೋಡೇಟಾದಲ್ಲೂ ಬರೆಯಲು ಹೇಳಿ, ಹೊಸ ಹೆಸರನ್ನು ಪಕ್ಕದಲ್ಲಿ ಸೇರಿಸಲಿ. ಪರಿಚಯಸ್ಥರ ಅಭಿಪ್ರಾಯ ಕೇಳುವಾಗ ರಾಜೀನಾಮೆಗೆ ಮುಂಚೆ ಅವರ ಈಗಿನ ಕಂಪನಿಯ ಯಾರಿಗೂ ಫೋನ್ ಮಾಡಬೇಡಿ. ಊರು ಚಿಕ್ಕದು, ಕ್ಯಾಲಿಫೋರ್ನಿಯಾವೂ ಚಿಕ್ಕದೇ.

ಭವಿಷ್ಯನಿಧಿಯಲ್ಲಿ ಇನ್ನೊಂದು ಗಂಟು. ವಿದೇಶಿ ಪಾಸ್‌ಪೋರ್ಟ್ ಇದ್ದವರು, ಒಸಿಐ ಆದರೂ ಸರಿ, ಪಿಎಫ್ ನಿಯಮದಲ್ಲಿ ‘ಅಂತರರಾಷ್ಟ್ರೀಯ ಕಾರ್ಮಿಕ’. ಅವರಿಗೆ ವೇತನ ಮಿತಿಯ ರಿಯಾಯಿತಿ ಇಲ್ಲ, ಪೂರ್ಣ ವೇತನದ ಮೇಲೆ ಎರಡೂ ಕಡೆಯಿಂದ ಶೇ 12 ಕಟ್ಟಬೇಕು. ಸಾಮಾನ್ಯವಾಗಿ 58 ವರ್ಷ ತುಂಬುವವರೆಗೆ ಹಣ ತೆಗೆಯುವಂತಿಲ್ಲ. ಈ ವಿಶೇಷ ನಿಯಮವನ್ನು 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಸಾಂವಿಧಾನಿಕ ಎಂದು ರದ್ದು ಮಾಡಿತು. 2025ರಲ್ಲಿ ದೆಹಲಿ ಹೈಕೋರ್ಟ್ ಅದೇ ನಿಯಮವನ್ನು ಸರಿ ಎಂದು ಎತ್ತಿಹಿಡಿಯಿತು. ನಡುವೆ ಸಿಕ್ಕ ನಮ್ಮಂಥವರು ಏನು ಮಾಡಬೇಕು? ಪೂರ್ಣ ಮೊತ್ತವನ್ನು ಬಜೆಟ್ಟಿನಲ್ಲಿ ಇಟ್ಟು, ವೇತನ ಪತ್ರದಲ್ಲಿ ಅದನ್ನು ಬಿಡಿಸಿ ತೋರಿಸಿ, ಅಭ್ಯರ್ಥಿಗೆ ವಿವರಿಸಿದೆವು. ಕೈಗೆ ಬರುವ ಸಂಬಳ ಎಷ್ಟು ಎಂಬ ಹಾಳೆಯನ್ನು ಆಫರ್ ಜೊತೆಗೇ ಕೊಡಿ, ಮೊದಲ ತಿಂಗಳ ಕೊನೆಯಲ್ಲಿ ಅಚ್ಚರಿ ಬೇಡ.

ತೆರಿಗೆಗೆ ಅವರು ಎರಡೂ ದೇಶಗಳ ಲೆಕ್ಕಪರಿಶೋಧಕರನ್ನು ಇಟ್ಟುಕೊಂಡರು, ಒಂದು ವರ್ಷದ ಶುಲ್ಕ ನಾವು ಭರಿಸಿದೆವು. ಅಮೆರಿಕದ ಪೌರರು ಎಲ್ಲೇ ಇದ್ದರೂ ಅಲ್ಲಿ ತೆರಿಗೆ ವಿವರ ಸಲ್ಲಿಸಲೇಬೇಕು. ಇಲ್ಲಿನ ಮ್ಯೂಚುವಲ್ ಫಂಡ್ ಕೊಂಡರೆ ಅಲ್ಲಿ ದೊಡ್ಡ ತಲೆನೋವು. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರಿಗೆ ಇಲ್ಲಿ ಮೊದಲ ಕೆಲವು ವರ್ಷ ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಎಂಬ ಸ್ಥಾನ ಸಿಗುತ್ತದೆ, ವಿದೇಶದ ಆದಾಯಕ್ಕೆ ಬಹುಮಟ್ಟಿಗೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಅಲ್ಲಿನ ನಿವೃತ್ತಿ ಖಾತೆಗೂ ಪರಿಹಾರ ಇದೆ. ಇದನ್ನೆಲ್ಲ ನಾವು ಸಲಹೆಯಾಗಿ ಹೇಳಲು ಹೋಗಲಿಲ್ಲ, ತಿಳಿದವರ ಹತ್ತಿರ ಕಳಿಸಿದೆವು.

ಷೇರಿನ ವಿಷಯದಲ್ಲಿ ನಮ್ಮ ಕಡೆಯಿಂದಲೇ ತಡವಾಯಿತು. ನಗದಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಸರಿಸಾಟಿ ಕೊಡಲಾಗದು, ಆದ್ದರಿಂದ ಷೇರು ಆಯ್ಕೆಗಳು, ಅಂದರೆ ಮುಂದೆ ನಿಗದಿತ ಬೆಲೆಗೆ ಕಂಪನಿಯ ಷೇರು ಕೊಳ್ಳುವ ಹಕ್ಕುಗಳು, ಹೆಚ್ಚು. ಕಂಪನಿಯ ಒಟ್ಟು ಷೇರು ಬಂಡವಾಳದ ಶೇ 1 ಅಥವಾ ಹೆಚ್ಚನ್ನು ಒಂದೇ ವರ್ಷದಲ್ಲಿ ಒಬ್ಬ ನೌಕರರಿಗೆ ಕೊಡುವುದಾದರೆ ಷೇರುದಾರರ ಸಭೆಯಲ್ಲಿ ಪ್ರತ್ಯೇಕ ನಿರ್ಣಯ ಬೇಕು. ಸಭೆಗೆ ಸಾಮಾನ್ಯವಾಗಿ 21 ದಿನದ ನೋಟಿಸ್ ಬೇಕು. ಹೂಡಿಕೆದಾರರೊಬ್ಬರು ವಿದೇಶ ಪ್ರವಾಸದಲ್ಲಿದ್ದರು, ಅವರ ಒಪ್ಪಿಗೆ ಬರುವವರೆಗೆ ನೋಟಿಸ್ ಕಡಿಮೆ ಮಾಡಲೂ ಆಗಲಿಲ್ಲ. ಇನ್ನೂ ನೌಕರರಾಗದವರಿಗೆ ಆಯ್ಕೆಗಳನ್ನು ಮಂಜೂರು ಮಾಡುವಂತಿಲ್ಲ, ಆಫರ್ ಪತ್ರದಲ್ಲಿ ‘ಸೇರಿದ ಮೇಲೆ, ಅನುಮೋದನೆಗೆ ಒಳಪಟ್ಟು’ ಎಂದು ಬರೆಯಬೇಕು. ಮಂಜೂರಾದ ಮೇಲೂ ಷೇರು ಕೊಳ್ಳಲು ಕನಿಷ್ಠ ಒಂದು ವರ್ಷ ಕಾಯಬೇಕು. ಷೇರು ಕೊಳ್ಳುವ ದಿನವೇ ಲಾಭದ ಮೇಲೆ ಸಂಬಳದಂತೆ ತೆರಿಗೆ ಬೀಳುತ್ತದೆ, ಮಾರಿದ ದಿನಕ್ಕಲ್ಲ. ಷೇರುಪೇಟೆಯಲ್ಲಿ ಪಟ್ಟಿಯಾಗದ ಕಂಪನಿಯ ಷೇರಿನ ಬೆಲೆಗೆ ಮರ್ಚೆಂಟ್ ಬ್ಯಾಂಕರ್ ಪ್ರಮಾಣಪತ್ರ ಬೇಕು, ಅದು 180 ದಿನಕ್ಕಿಂತ ಹಳೆಯದಾಗಿರಬಾರದು. ಇದನ್ನೆಲ್ಲ ಕೇಳಿದ ಅವರು, ‘ಇದು ಕಾಗದದ ದುಡ್ಡು ಎಂದೇ ಇಟ್ಟುಕೊಳ್ಳುತ್ತೇನೆ. ನನ್ನ ಎರಡು ಷರತ್ತುಗಳನ್ನು ಮಾತ್ರ ಬರೆದುಕೊಡಿ’ ಎಂದರು. ವರ್ಷಕ್ಕೊಂದಾದರೂ ಪ್ರಬಂಧ ಪ್ರಕಟಿಸುವ ಹಕ್ಕು, ಮತ್ತು ತಂಡಕ್ಕೆ ಜನರನ್ನು ಆರಿಸುವಲ್ಲಿ ಕೊನೆಯ ಮಾತು. ಪೇಟೆಂಟ್ ಅರ್ಜಿ ಹಾಕಿದ ಮೇಲೆ ಪ್ರಕಟಿಸಬಹುದು ಎಂಬಲ್ಲಿ ಮೊದಲನೆಯದು ಇತ್ಯರ್ಥವಾಯಿತು. ಎರಡನೆಯದಕ್ಕೆ ಪಾಲುದಾರರು ಗೊಣಗಿದರು, ಒಪ್ಪಿದರು.

ಇಷ್ಟಾದರೂ ಅವರ ಮನೆಯವರೊಂದಿಗೆ ಯಾರೂ ಮಾತನಾಡಿರಲಿಲ್ಲ. ಅದನ್ನು ಸೂಚಿಸಿದ್ದು ಕನ್ಸಲ್ಟೆಂಟ್. ವಿಡಿಯೊ ಕರೆಯಲ್ಲಿ ಅವರ ಹೆಂಡತಿ ನನ್ನನ್ನು ನೇರವಾಗಿ ಕೇಳಿದರು: ‘ಇವರಿಗೆ ಕೆಲಸ ಇದೆ, ಅತ್ತೆಯವರಿಗೆ ಮಗ ಹತ್ತಿರ ಬರುತ್ತಾನೆ ಎಂಬ ಸಂತೋಷ ಇದೆ. ನನಗೆ ಬೆಂಗಳೂರಿನಲ್ಲಿ ಏನಿದೆ, ಹೇಳಿ?’ ನನ್ನಲ್ಲಿ ಉತ್ತರ ಇರಲಿಲ್ಲ. ಇಲ್ಲ ಎಂದೇ ಹೇಳಿದೆ. ಅವರು ಗ್ರಂಥಪಾಲಕಿ. ಮಗಳು ಅಲ್ಲಿ ಪ್ರೌಢಶಾಲೆಯ ಕೊನೆಯ ವರ್ಷಗಳಲ್ಲಿದ್ದಳು, ಆ ಹಂತದಲ್ಲಿ ಶಾಲೆ ಬದಲಿಸುವ ಮಾತೇ ಬೇಡ ಎಂದರು. ಕೊನೆಗೆ ಆದ ಏರ್ಪಾಡು ಇದು: ಅವರೊಬ್ಬರು ಮೊದಲು ಬರುವುದು, ಮಗಳ ಶಾಲೆ ಮುಗಿದ ಮೇಲೆ ಉಳಿದವರು ಬರಬೇಕೇ ಬೇಡವೇ ಎಂದು ತೀರ್ಮಾನಿಸುವುದು, ಅಲ್ಲಿಯವರೆಗೆ ಹೋಗಿಬರುವ ವಿಮಾನ ಟಿಕೆಟ್ ಕಂಪನಿಯದು, ವರ್ಷದಲ್ಲಿ ಕೆಲವು ವಾರ ಅಲ್ಲಿಂದಲೇ ಕೆಲಸ. ಸರ್ಚ್ ಶುಲ್ಕದ ಮುಂದೆ ಈ ಟಿಕೆಟ್‌ಗಳ ಖರ್ಚು ಯಾವ ಲೆಕ್ಕ? ಆದರೆ ಇದನ್ನು ಬರೆದುಕೊಡದಿದ್ದರೆ ಅವರು ಬರುತ್ತಿರಲಿಲ್ಲ. ಅವರ ಮನೆಯವರೊಂದಿಗೆ ಮಾತನಾಡಲು ಕೊನೆಯವರೆಗೆ ಕಾಯಬೇಡಿ, ಶಾರ್ಟ್‌ಲಿಸ್ಟ್ ಆದ ಕೂಡಲೇ ಕೇಳಿ.

ವಿಶೇಷ ಅನುಮತಿ ಬಂದ ದಿನ ಅವರು ಅಲ್ಲಿ ರಾಜೀನಾಮೆ ಕೊಟ್ಟರು. ಅಲ್ಲಿಯೂ ಕೌಂಟರ್ ಆಫರ್ ಬಂತು. ಅದನ್ನು ಅವರೇ ನನಗೆ ಫೋನ್ ಮಾಡಿ ಹೇಳಿದರು, ಮೊತ್ತವನ್ನೂ ಹೇಳಿದರು. ನನ್ನ ಎದೆ ಧಸಕ್ ಎಂದಿತು. ‘ಹೇಳಿಬಿಟ್ಟರೆ ಇಬ್ಬರಿಗೂ ನಿದ್ದೆ ಬರುತ್ತದೆ’ ಎಂದು ನಕ್ಕರು. ಸರ್ಚ್ ಸಂಸ್ಥೆಯ ಕೊನೆಯ ಕಂತನ್ನು ಅವರು ಸೇರಿದ ಮರುದಿನ ಕಟ್ಟಿದೆ. ಇಲ್ಲದಿದ್ದರೆ ಮೊದಲ ಅಭ್ಯರ್ಥಿ ಸಹಿ ಹಾಕಿದಾಗಲೇ ಅದು ಹೋಗಿಬಿಡುತ್ತಿತ್ತು ಎಂಬುದನ್ನು ನೆನೆದಾಗ ಒಪ್ಪಂದದ ಆ ಒಂದು ಸಾಲಿಗಾಗಿ ಮಾಡಿದ ವಾದ ಸಾರ್ಥಕ ಎನಿಸಿತು.

ಈಗ ಅವರಿಗೆ ಮೂವರು ಸಂಶೋಧಕರು ಬೇಕಂತೆ. ಹುದ್ದೆಯ ವಿವರಣೆಯನ್ನು ಅವರೇ ಬರೆದು ಕಳಿಸಿದ್ದಾರೆ, ತಲಾ ಅರ್ಧ ಪುಟ. ಅವುಗಳಲ್ಲಿ ಒಂದು ಹುದ್ದೆಗೆ ಬೆಳಗಾವಿಯಲ್ಲಿ, ಫೌಂಡ್ರಿಯ ಪಕ್ಕದಲ್ಲೇ ಕುಳಿತು ಕೆಲಸ ಮಾಡುವವರು ಬೇಕು ಎಂದಿದ್ದಾರೆ. ಮಾರಾಟದ ಮುಖ್ಯಸ್ಥರಿಗೆ ಬಹಳ ಖುಷಿಯಾಗಿದೆ. ಅಲ್ಲಿ ಬಾಡಿಗೆ ಎಷ್ಟು ಎಂದು ವಿಚಾರಿಸುತ್ತಿದ್ದೇನೆ.